ರೀಗಾ ಪಟ್ಟಣವೂ ಹೊರಗಿನವರ ಹಾಡೂ

ಭೂಪಟವನ್ನು ಬಿಡಿಸಿ ಯೂರೋಪು ಖಂಡದ ಈಶಾನ್ಯಭಾಗವನ್ನು ನೋಡುವ ವಾಚಕರಿಗೆ ಬಾಲ್ಟಿಕ್ ಸಮುದ್ರವು ನೆಲದೊಳಕ್ಕೆ ಒಂದು ಕೊಲ್ಲಿಯಾಗಿ ಚಾಚಿಕೊಂಡಿರುವುದು ಕಾಣುವುದು. ಆ ಕೊಲ್ಲಿಯ ತೆಂಕಣ ತುದಿಯಲ್ಲಿ, ದೌಗವಾ ನದಿಯ ಮುಖದಿಂದ ಕೆಲವು ಮೈಲಿ ಮೇಲಕ್ಕೆ, ಲಾಟ್ವಿಯಾ ದೇಶದ ರಾಜಧಾನಿಯಾದ ರೀಗಾ ಪಟ್ಟಣವಿರುವುದು. ಈ ನದಿಯು ರಷ್ಯಾದ ವಲ್ದಾಯ್ ಬೆಟ್ಟಗಳಲ್ಲಿ, ವೋಲ್ಗಾ ನದಿಯ ಮೂಲಕ್ಕೆ ಅನತಿದೂರದಲ್ಲಿಯೇ ಹುಟ್ಟಿ, ಸಾವಿರ ಕಿಲೋಮೀಟರಿಗೂ ಮಿಗಿಲಾಗಿ ಹರಿದು ಬರುವುದು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರು ವಸಂತದಲ್ಲಿ ಕರಗಿದೊಡನೆ ಒಳನಾಡಿನ ಅಗಸೆನಾರು, ಸೆಣಬು, ಮೇಣ, ತುಪ್ಪುಳು ಚರ್ಮ, ಮರಮುಟ್ಟು ಇವೆಲ್ಲವೂ ಪ್ರವಾಹದೊಡನೆ ತೇಲಿ ರೀಗಾ ಬಂದರಿಗೆ ಇಳಿಯುತ್ತಿದ್ದವು. ಪಟ್ಟಣದ ಐಶ್ವರ್ಯಕ್ಕೆಲ್ಲ ನದಿಯೇ ಕಾರಣ. ಅದರ ಕಷ್ಟಗಳಿಗೂ ಅದೇ ಕಾರಣವೆಂದರೆ ತಪ್ಪಾಗಲಾರದು. ಇಂತಹ ಹೆಬ್ಬಾಗಿಲಿನ ಬೀಗದಕೈ ಯಾವ ದೊರೆಗೆ ಬೇಡ?

ಕ್ರಿ. ಶ. 1201ರಲ್ಲಿ ಆಲ್ಬರ್ಟ್ ಎಂಬ ಜರ್ಮನ್ ಬಿಷಪ್ಪನು ಇಲ್ಲಿ ಕೋಟೆಯೂರನ್ನು ಸ್ಥಾಪಿಸಿದನು. 1282ರಲ್ಲಿ ಪಟ್ಟಣವು ಹಾನ್ಸಾ ಎಂಬ ವರ್ತಕನಗರಗಳ ಒಕ್ಕೂಟಕ್ಕೆ ಸೇರಿತು. ತರುವಾಯ ಪೋಲೆಂಡಿನ ಅರಸರು ಬಂದರು. 1621ರಲ್ಲಿ ಸ್ವೀಡನ್ನಿನವರು, 1710ರಲ್ಲಿ ರಷ್ಯಾದವರು ಬಂದರು. ದೊರೆಗಳು ಬದಲಾದರೂ ವ್ಯಾಪಾರವೂ ನಗರಸಭೆಯೂ ಜರ್ಮನ್ ಮನೆತನಗಳ ಕೈಯಲ್ಲಿಯೇ ಉಳಿದವು. ನೆಲದ ಮಕ್ಕಳಾದ ಲಾಟ್ವಿಯನರು ಮೂಟೆ ಹೊರುವವರಾಗಿಯೂ, ದೋಣಿ ನಡೆಸುವವರಾಗಿಯೂ, ಹಡಗಿನ ಕೂವೆಮರಗಳನ್ನು ಆರಿಸಿಕೊಡುವವರಾಗಿಯೂ ಇದ್ದರು. ದೊಡ್ಡ ವರ್ತಕಸಂಘದಲ್ಲಿ ಅವರಿಗೆ ಸ್ಥಾನವಿರಲಿಲ್ಲ. ಹಳ್ಳಿಗಳಲ್ಲಿದ್ದವರು ಜೀತದ ರೈತರು. ಆ ಜೀತವು ರೀಗಾ ಸೀಮೆಯಲ್ಲಿ 1819ರಲ್ಲಿ ತೊಲಗಿತು.

1764ರಲ್ಲಿ ಹೆರ್ಡರ್ ಎಂಬ ಇಪ್ಪತ್ತು ವರ್ಷದ ಜರ್ಮನ್ ತರುಣನು ರೀಗಾ ನಗರದ ದೇವಾಲಯಪಾಠಶಾಲೆಗೆ ಉಪಾಧ್ಯಾಯನಾಗಿ ಬಂದನು. ಕಾಳಿದಾಸನ ಶಾಕುಂತಲವನ್ನು ಮುಂದೆ ಮನಸಾರೆ ಕೊಂಡಾಡಿದ ಹೆರ್ಡರನು ಇವನೇ. ಉಪಾಧ್ಯಾಯವೃತ್ತಿಯವರಾದ ನಮಗೆ ಇವನ ಮೇಲೆ ಸ್ವಲ್ಪ ಪಕ್ಷಪಾತವುಂಟೆಂದು ವಾಚಕರು ಊಹಿಸಬಹುದು. ಪಟ್ಟಣದ ಶ್ರೀಮಂತರು ಅನಾಗರಿಕರ ಕೂಗೆಂದು ಎಣಿಸುತ್ತಿದ್ದ ಲಾಟ್ವಿಯನರ ಹಾಡುಗಳಿಗೆ ಅವನು ಕಿವಿಗೊಟ್ಟನು. 1778-79ರಲ್ಲಿ ಪ್ರಕಟಿಸಿದ ತನ್ನ ಜನಪದಗೀತಸಂಗ್ರಹದಲ್ಲಿ ಅವುಗಳಿಗೂ ಎಡೆಕೊಟ್ಟನು.

ಆ ಹಾಡುಗಳಿಗೆ ದೈನಾ ಎಂದು ಹೆಸರು. ಅನುಷ್ಟುಪ್ ಶ್ಲೋಕದಂತೆ ಹೆಚ್ಚಿನವಕ್ಕೆ ನಾಲ್ಕೇ ಸಾಲು. ಅವನ್ನು ಕೂಡಿಡುವ ಕೆಲಸಕ್ಕೆ ಬಾಳನ್ನು ಸವೆಸಿದವನು ಕ್ರಿಶ್ಯಾನಿಸ್ ಬರೋನ್ಸ್ (1835-1923). ಹಳ್ಳಿಹಳ್ಳಿಗಳಿಂದ ಬಂದ ಹಾಡುಗಳನ್ನು ಒಂದೊಂದು ಚೀಟಿಗೆ ಇಳಿಸಿ, ಪುಟ್ಟ ಸೆಳೆಖಾನೆಗಳುಳ್ಳ ಒಂದು ಬೀರುವನ್ನು 1880ರಲ್ಲಿ ಮಾಡಿಸಿ, ಅದರಲ್ಲಿ ವಿಂಗಡಿಸಿಟ್ಟನು. 1894ರಿಂದ 1915ರವರೆಗೆ ಅಚ್ಚಾದ ಆರು ಸಂಪುಟಗಳಲ್ಲಿ, ಪಾಠಾಂತರಗಳೂ ಸೇರಿ, ಎರಡು ಲಕ್ಷಕ್ಕೆ ಮೀರಿದ ಹಾಡುಗಳಿವೆ.

ಈ ಭಾಷೆಯ ಪದಗಳನ್ನು ಮೊದಲು ಕಂಡಾಗ ನಮಗಾದ ವಿಸ್ಮಯವನ್ನು ಬಣ್ಣಿಸಲಾರೆವು. ದೇವನಿಗೆ ಅವರು ‘ದಿಯೆವ್ಸ್’ ಎನ್ನುವರು. ಅಗ್ನಿಗೆ ‘ಉಗುನ್ಸ್’, ಧೂಮಕ್ಕೆ ‘ದೂಮಿ’. ಕಣ್ಣೀರು, ಎಂದರೆ ನಮ್ಮ ಅಶ್ರು, ಅವರಿಗೆ ‘ಅಸರ’. ಹಿಮಶಬ್ದದ ಬಂಧುವಾದ ‘ಜಿಯೆಮ’ ಎಂಬುದು ಚಳಿಗಾಲದ ಹೆಸರು. ಸಂಸ್ಕೃತದಿಂದ ಇವು ಹುಟ್ಟಿದವೆಂದು ಯಾರೂ ಭಾವಿಸಬಾರದು. ಒಂದೇ ಪ್ರಾಚೀನ ಮೂಲದಿಂದ ಎರಡು ಕಡೆಗೂ ಇಳಿದು ಬಂದವು ಇವು. ಪಂಡಿತರಾರೂ ಕಾಯದೆ, ಮೂಟೆ ಹೊರುವವರೂ ಮುದುಕಿಯರೂ ಇವನ್ನು ಶತಮಾನಗಳ ಕಾಲ ಕಾಪಾಡಿದರೆಂಬುದೇ ಹೆಚ್ಚಿನ ಸೋಜಿಗ.

1918ರ ನವೆಂಬರ್ 18ರಂದು ರೀಗಾದಲ್ಲಿ ಲಾಟ್ವಿಯಾ ಸ್ವತಂತ್ರವೆಂದು ಸಾರಲಾಯಿತು. ಆ ಸ್ವಾತಂತ್ರ್ಯ ಇಪ್ಪತ್ತೆರಡು ವರ್ಷವೂ ಪೂರ್ತಿ ನಿಲ್ಲಲಿಲ್ಲ. 1940ರಲ್ಲಿ ಸೋವಿಯತ್ ಸೇನೆ, 1941ರಲ್ಲಿ ಹಿಟ್ಲರನ ಸೇನೆ, 1944ರಲ್ಲಿ ಮರಳಿ ಸೋವಿಯತ್ ಸೇನೆ ಬಂದವು. 1941ರ ನವೆಂಬರ್ 30, ಡಿಸೆಂಬರ್ 8, ಈ ಎರಡು ದಿನಗಳಲ್ಲಿ ಪಟ್ಟಣದ ಹೊರಗಿನ ರುಂಬುಲಾ ಕಾಡಿನಲ್ಲಿ ಸುಮಾರು 25,000 ಯೆಹೂದ್ಯರನ್ನು ಗುಂಡಿಟ್ಟು ಕೊಂದರು. ಆ ಪಾತಕಕ್ಕೆ ಕೈನೀಡಿದವರಲ್ಲಿ ಲಾಟ್ವಿಯನರೂ ಇದ್ದರು. ಹಾಡುಗಳನ್ನು ಹೊಗಳುವಾಗ ಇದನ್ನು ಮರೆಮಾಚುವುದು ನ್ಯಾಯವಲ್ಲ.

1989ರ ಆಗಸ್ಟ್ 23ರಂದು ಟಾಲಿನ್ ನಗರದಿಂದ ರೀಗಾ ಮಾರ್ಗವಾಗಿ ವಿಲ್ನಿಯಸ್ಸಿನವರೆಗೆ, 600 ಕಿಲೋಮೀಟರಿಗೂ ಹೆಚ್ಚು ದೂರ, ಲಕ್ಷಾಂತರ ಜನರು ಕೈಕೈ ಹಿಡಿದು ನಿಂತರು. 1991ರ ಆಗಸ್ಟಿನಲ್ಲಿ ಸ್ವಾತಂತ್ರ್ಯವು ಮರಳಿ ದೃಢವಾಯಿತು. ಸೋವಿಯತ್ ಕಾಲದಲ್ಲಿ ಬಂದು ನೆಲಸಿದವರೂ ಅವರ ಸಂತತಿಯವರೂ ಅನೇಕರಿರುವುದರಿಂದ ಇಂದಿಗೂ ರೀಗಾದ ಎಷ್ಟೋ ಮನೆಗಳಲ್ಲಿ ರಷ್ಯನ್ ಮಾತು ಕೇಳಿಬರುವುದು. ಒಂದು ಕಾಲದಲ್ಲಿ ಹೊರಗಿದ್ದ ನುಡಿಯೇ ಈಗ ಏಕಮಾತ್ರ ರಾಜಭಾಷೆ. ಮತ್ತೊಂದು ನುಡಿಗೆ ಎಷ್ಟು ಎಡೆ ಕೊಡಬೇಕೆಂಬ ವಾದವು ಅಲ್ಲಿ ಸುಲಭವಾಗಿ ಮುಗಿಯುವಂತೆ ತೋರುವುದಿಲ್ಲ.

ನದಿಯ ಎಡದಂಡೆಯಲ್ಲಿ ರಾಷ್ಟ್ರೀಯ ಗ್ರಂಥಾಲಯದ ಹೊಸ ಸೌಧವೆದ್ದಾಗ, 2014ರ ಜನವರಿ 18ರಂದು, ಊರಿನ ಸಹಸ್ರಾರು ಜನರು ಕೊರೆಯುವ ಚಳಿಯಲ್ಲಿ ಸಾಲುಗಟ್ಟಿ ನಿಂತು, ಹಳೆಯ ಕಟ್ಟಡದಿಂದ ಸೇತುವೆಯ ಮೇಲೆ ಕೈಯಿಂದ ಕೈಗೆ ಪುಸ್ತಕಗಳನ್ನು ದಾಟಿಸಿದರು. ಬರೋನ್ಸನ ಬೀರು ಈಗ ಆ ಸೌಧದಲ್ಲಿಯೇ ಇದೆ.