ಕಾರಿನ ಹೊಟ್ಟೇಲಿ ಮಸಿ ಕೂತದೆ ಕಣ್ರವ್ವಾ

ಅಕ್ಕತಂಗೇರೆ, ಈ ಸಲ ಸಾರು ಪಲ್ಯದ ಮಾತು ಬ್ಯಾಡ. ನಮ್ಮನೆ ಕಾರಿನ ಇಂಜಿನ್ನಲ್ಲಿ ಕೂತಿದ್ದ ಮಸಿ ಕತೆ ಹೇಳ್ತೀನಿ. ಅದು ಗಂಡಸರ ವಿಚಾರ ಅಂತ ಎದ್ದೋಗಬ್ಯಾಡಿ. ಮಸಿ ವಿಚಾರದಲ್ಲಿ ನಮಗಿಂತ ತಿಳಿದೋರು ಯಾರವ್ರೆ ಹೇಳಿ?

ಹೋದ ತಿಂಗಳು ಅತ್ತೇನ ಮಂಡ್ಯದ ಆಸ್ಪತ್ರೆಗೆ ಕರ್ಕೊಂಡು ಹೊಂಟಿದ್ವಿ. ಕಾರು ನಿಂತ ಕಡೆಯೆಲ್ಲ ಗಡಗಡ ನಡುಗಿ ಆಫ್ ಆಯ್ತಿತ್ತು. ಮದ್ದೂರು ದಾಟೋದ್ರೊಳಗೆ ಮೂರು ಸಲ ಆಯ್ತು. ಅತ್ತೆ ಎದೆ ಹಿಡ್ಕೊಂಡು ಕೂತವ್ರೆ, ಹಿಂದಿನ ಲಾರಿಯವ್ನು ಹಾರನ್ ಬಾರಿಸ್ತವ್ನೆ. 20 ಕಿಲೋಮೀಟರ್ ದಾರಿ ಇನ್ನೂರರಂಗೆ ಕಾಣ್ತು.

ಮೆಕ್ಯಾನಿಕ್ ನೋಡಿ "ಕಾರ್ಬನ್ ಕಟ್ಟದೆ ಕಣಮ್ಮ" ಅಂದ. ಕ್ಲೀನ್ ಮಾಡೋಕೆ ಅವನು ಕೇಳಿದ ದುಡ್ಡಲ್ಲಿ ಮನೆಗೆ ತಿಂಗಳ ಸಾಮಾನೇ ಬತ್ತಿತ್ತು. ನಮ್ಮನೇವ್ರು ಮೊಬೈಲಲ್ಲಿ ಏನೋ ನೋಡ್ಕೊಂಡು, "ನಾನೇ ಮಾಡ್ತೀನಿ ಬಿಡು. ಇಂಜಿನ್ ಓಡೋವಾಗ ಪೈಪಲ್ಲಿ ವಸಿ ನೀರು ಬಿಟ್ರೆ ಆವಿ ಆಗಿ ಮಸಿಯೆಲ್ಲ ಕಿತ್ಕೊಂಡು ಬತ್ತದೆ" ಅಂತ ಚೊಂಬು ಹಿಡ್ಕೊಂಡು ನಿಂತ್ರು. ನಾನು ಚೊಂಬು ಕಿತ್ಕೊಂಡೆ.

ಯಾಕೆ ಅಂದ್ರೆ, ಗಾಳೀನ ಅಮುಕಬೋದು, ನೀರನ್ನ ಅಮುಕೋಕಾಗಲ್ಲ. ಒಂದು ಗುಟುಕು ಜಾಸ್ತಿ ಒಳಗೆ ಹೋದ್ರೂ ಮೇಲೆದ್ದ ಪಿಸ್ಟನ್ ನೀರಿಗೆ ಗುದ್ದಿ ಅದರ ರಾಡೇ ಬಾಗಬೋದು. ಆಮೇಲೆ ಇಂಜಿನ್ನನ್ನೇ ಬಿಚ್ಚಬೇಕು. ಮಸಿ ತೆಗೆಯೋಕೆ ಹೋಗಿ ಪಾತ್ರೇನೇ ಒಡೆದಂಗೆ.

ನನ್ನ ಮಾತು ಇಷ್ಟೇ: ಮಸಿ ತಿಕ್ಕೋ ಮೊದಲು ಉರಿ ನೋಡಿ. ಸೌದೆ ಒಲೇಲಿ ಪಾತ್ರೆ ತಳ ಯಾವಾಗ ಕಪ್ಪಾಗ್ತಿತ್ತು? ಸೌದೆ ಹಸಿ ಇದ್ದಾಗ, ಗಾಳಿ ಸಾಲದೆ ಇದ್ದಾಗ. ಆಲೆಮನೇಲೂ ಒಣಗಿದ ಕಬ್ಬಿನ ಸಿಪ್ಪೆ ಹಾಕಿದ್ರೆ ಉರಿ ಧಗಧಗ ಅಂತದೆ, ಹಸಿ ಸಿಪ್ಪೆ ಹಾಕಿದ್ರೆ ಬರೀ ಹೊಗೆ. ಇಂಜಿನ್ನೂ ಒಂದು ಒಲೆನೇ ಕಣ್ರೀ. ಪೂರ್ತಿ ಉರೀದ ಪೆಟ್ರೋಲು, ಇಂಜಿನ್ ಆಯಿಲಿನ ಆವಿ, ಇವೆರಡೂ ಸೇರಿ ಒಳಗೆ ಅಂಟಂಟು ಕಪ್ಪು ಕಟ್ತದೆ. ನಮ್ಮ ಕಾರು ಹೋಗ್ತಿದ್ದುದಾದ್ರೂ ಎಲ್ಲಿಗೆ? ಶನಿವಾರ ಹೊಳೆ ಆಂಜನೇಯನ ಗುಡಿಗೆ, ಆಗಾಗ ಪೇಟೆಬೀದಿಗೆ. ಇಂಜಿನ್ ಕಾಯೋದ್ರೊಳಗೆ ಆಫ್. ಒಲೆ ಹೊತ್ಕೊಳೋ ಹೊತ್ಗೆ ನೀರು ಎರಚಿದಂಗೆ.

ಹಂಗಂತ ಮನೇಲಿ ಏನೂ ಮಾಡಬಾರದು ಅಂತಲ್ಲ. ಗಾಳಿ ಒಳಗೆ ಹೋಗೋ ಬಾಯಿಗೆ ಥ್ರಾಟಲ್ ಬಾಡಿ ಅಂತಾರೆ. ನಿಂತಾಗ ಆಫ್ ಆಗೋಕೆ ಎಷ್ಟೋ ಸಲ ಅಲ್ಲಿನ ಮಸೀನೇ ಕಾರಣ. ಭಾನುವಾರ ಮೆಕ್ಯಾನಿಕ್ಕಿನ ಹತ್ರ ಕೇಳ್ಕೊಂಡು ನಾವಿಬ್ರೂ ಅಂಗಳದಲ್ಲಿ ಕೂತ್ವಿ. ಇಂಜಿನ್ ತಣ್ಣಗಿತ್ತು. ಬ್ಯಾಟರಿಯ ಮೈನಸ್ ವೈರು ಬಿಚ್ಚಿ, ಗಾಳಿ ಪೈಪು ತೆಗೆದು, ಅಂಗಡೀಲಿ ಸಿಗೋ ಥ್ರಾಟಲ್ ಕ್ಲೀನರನ್ನ ಹತ್ತಿ ಬಟ್ಟೆಗೆ, ಹಳೇ ಹಲ್ಲುಜ್ಜೋ ಬ್ರಷ್‌ಗೆ ಹೊಡ್ಕೊಂಡು ಮೆತ್ತಗೆ ಒರೆಸಿದ್ವಿ. ಬಟ್ಟೆ ಕಾಡಿಗೆ ಆಯ್ತು. ಒಳಗಿನ ತಟ್ಟೇನ ಬೆರಳಲ್ಲಿ ಬಲವಾಗಿ ತಳ್ಳಬ್ಯಾಡಿ, ಈಗಿನ ಕಾರಲ್ಲಿ ಅದು ಮೋಟಾರಲ್ಲಿ ಆಡ್ತದೆ. ಆ ಕ್ಲೀನರ್ ಥಟ್ಟಂತ ಹೊತ್ಕೊಳ್ಳೋ ವಸ್ತು, ಹತ್ರ ಬೀಡಿ, ಊದುಬತ್ತಿ ಏನೂ ಬ್ಯಾಡ. ಬಾಗಿಲು ಹಾಕಿದ ಶೆಡ್ಡಲ್ಲಿ ಇಂಜಿನ್ ಓಡಿಸಲೇಬ್ಯಾಡಿ, ಆ ಹೊಗೆ ಸದ್ದಿಲ್ಲದೆ ಜೀವ ತೆಗೀತದೆ.

ಪಿಸ್ಟನ್ನು, ವಾಲ್ವಿನ ಮೇಲಿನ ಮಸಿಗೆ ನಮ್ಮ ಬಟ್ಟೆ ಎಟುಕಲ್ಲ. ಪೆಟ್ರೋಲಿಗೆ ಹಾಕೋ ಔಷಧಿ ಬಾಟ್ಲಿಗಳು ವಸಿ ಸಹಾಯ ಮಾಡ್ತವೆ, ಗಟ್ಟಿ ಹತ್ತಿದ್ರೆ ಮೆಕ್ಯಾನಿಕ್ಕೇ ಬಿಚ್ಚಬೇಕು. ನೀಲಿ ಹೊಗೆ ಬಂದ್ರೆ ಒಳಗೆ ಆಯಿಲ್ ಸುಡ್ತಾ ಅದೆ ಅಂತ, ಅದಕ್ಕೆ ಮನೆಮದ್ದಿಲ್ಲ.

ನಮ್ಮವ್ವ ಪಾತ್ರೆ ಒಲೆಗಿಡೋ ಮೊದಲೇ ತಳಕ್ಕೆ ಮಣ್ಣು ಮೆತ್ತೋಳು, ಆಮೇಲೆ ಮಸಿ ಸಲೀಸಾಗಿ ಬಿಡ್ತಿತ್ತು. ಕಾರಿಗೂ ಅಂಗೆಯಾ: ಹೊತ್ಹೊತ್ಗೆ ಆಯಿಲು, ಏರ್ ಫಿಲ್ಟರು, ವಾರಕ್ಕೊಂದು ಸಲ ಅರ್ಧ ಗಂಟೆ ನಿಲ್ಲಿಸದಂಗೆ ಓಡಾಟ. 2020ರ ಏಪ್ರಿಲ್ಲಿಂದ ಬಂದ ಬಿಎಸ್ 6 ಡೀಸೆಲ್ ಕಾರು ಇರೋರಿಗಂತೂ ಇದು ಬೇಕೇ ಬೇಕು. ಅದರ ಹೊಗೆಪೈಪಿನ ಫಿಲ್ಟರಲ್ಲಿ ಮಸಿ ತುಂಬ್ಕೊತದೆ, ದೂರ ಓಡಿ ಚೆನ್ನಾಗಿ ಕಾದ್ರೆನೇ ಅದು ಸುಟ್ಟು ಹೋಗೋದು.

ಪೆಟ್ರೋಲ್ ದಂಡ ಅಂತ ನಮ್ಮನೇವ್ರು ಗೊಣಗಿದ್ರು. ಮೆಕ್ಯಾನಿಕ್ ಕೇಳಿದ ದುಡ್ಡು ನೆನಪು ಮಾಡಿದೆ, ಸುಮ್ನಾದ್ರು. ಇನ್ನೊಂದು ಮಾತೂ ಹೇಳಿದೆ: ನನ್ನ ಲೈಸನ್ಸು ಆರು ವರ್ಷದಿಂದ ಬೀರೂಲಿ ಕೊಳೀತಾ ಅದೆ. "ಎಲ್ಲಾದ್ರೂ ತಾಗಿಸ್ತೀಯ" ಅಂತ ಕೀ ಬಚ್ಚಿಟ್ಟು, ಕಾರಿಗೆ ಹೊದಿಕೆ ಹೊದಿಸಿ ಮಲಗಿಸಿದ್ರೆ ಮಸಿ ಕಟ್ಟದೆ ಇನ್ನೇನು ಕಟ್ತದೆ? ನಿಮ್ಮನೇಲೂ ಇದೇ ಕತೆ ಅಂತ ನಂಗೊತ್ತು.

ಹೋದ ಶನಿವಾರ ಅತ್ತೆ, ಅತ್ತಿಗೇನ ಕೂರಿಸ್ಕೊಂಡು ನಾನೇ ಮಳವಳ್ಳಿ ಮೇಲೆ ಗಗನಚುಕ್ಕಿಗೆ ಹೋಗ್ಬಂದೆ. ಕಾರು ಒಂದು ಸಲಾನೂ ಆಫ್ ಆಗ್ಲಿಲ್ಲ, ಅತ್ತೆ ಹಿಂದೆ ನಿದ್ದೆ ಹೊಡೆದ್ರು. ಕೀ ಈಗ ಅಡುಗೆಮನೆ ಮೊಳೇಲಿ, ಸೌಟಿನ ಪಕ್ಕದಲ್ಲೇ ನೇತಾಡ್ತಾ ಅದೆ.