ಅಂಕಿತ ಇಲ್ಲದ ಬೀಟು

ಮೊನ್ನೆ ಗಣಪತಿ ಬಿಡೋ ದಿನ ಊರಲ್ಲಿದ್ದೆ. ದೊಡ್ಡಮಳೂರು ಎಲ್ಲಿ ಅಂತ ಕೇಳೋರಿಗೆ: ಬೆಂಗಳೂರಿಂದ ಮೈಸೂರಿಗೆ ಹಳೇ ರಸ್ತೆಯಲ್ಲಿ ಹೊರಟರೆ ಚನ್ನಪಟ್ಟಣ ದಾಟಿ ಸ್ವಲ್ಪ ದೂರಕ್ಕೇ ಸಿಗುತ್ತೆ. ಅಪ್ರಮೇಯಸ್ವಾಮಿ ದೇವಸ್ಥಾನದ ಊರು, ಅಂಬೆಗಾಲು ಕೃಷ್ಣನ ಊರು.

ಟ್ರ್ಯಾಕ್ಟರ್ ಮೇಲೆ ಗಣಪ. ಹಿಂದೆ ಇನ್ನೊಂದು ಗಾಡಿ ತುಂಬಾ ಡಿಜೆ ಬಾಕ್ಸು. ಎದೆಗೂಡು ಅದುರೋ ಹಾಗೆ ಢುಮ್... ಢುಮ್... ಅದರ ಮೇಲೆ ತಮಟೆ. ಹುಡುಗರು ಮೈಮರೆತು ಕುಣೀತಿದ್ರು. ನಿಜ ಹೇಳ್ತೀನಿ, ನನ್ನ ಕಾಲೂ ಸುಮ್ಮನಿರಲಿಲ್ಲ. ತಮಟೆಯವರನ್ನ ನೋಡೋಣ ಅಂತ ಮುಂದೆ ಹೋದೆ. ಯಾರೂ ಇಲ್ಲ! ತಮಟೆಯೂ ಪೆನ್‌ಡ್ರೈವ್ ಒಳಗೇ ಇತ್ತು.

ಚಿಕ್ಕಂದಿನಿಂದ ಜಾತ್ರೆಗಳಲ್ಲಿ ನಾನು ನೋಡ್ತಾ ಬಂದಿರೋ ತಮಟೆ ತಾತ ಟೀ ಅಂಗಡಿ ಪಕ್ಕ ನಿಂತಿದ್ರು. "ಯಾಕೆ ತಾತ, ಈ ಸಲ ನೀವು ಬಾರಿಸ್ತಿಲ್ವಾ?" ಅಂದೆ. ಗಾಡಿ ಕಡೆ ಗಲ್ಲ ಎತ್ತಿ ತೋರಿಸಿ, "ಅಲ್ ಬಾರಿಸ್ತಾ ಇರೋದೂ ನಾನೇ ಕಣಪ್ಪ. ಹೋದೊರ್ಸ ಹುಡುಗ್ರು ಬಂದು ಮೊಬೈಲ್ನಾಗೆ ಹಿಡ್ಕಂಡು ಹೋದ್ರು. ನನ್ನೇಟು ನನಗ್ ಗೊತ್ತಾಗಲ್ವಾ?" ಅಂದ್ರು. ಸಿಟ್ಟೂ ಅಲ್ಲ, ಹೆಮ್ಮೆಯೂ ಅಲ್ಲ, ಎರಡರ ನಡುವಿನ ದನಿ. ಆ ದಿನ ಅವರಿಗೆ ಕೂಲಿ ಇಲ್ಲ.

ರಾತ್ರಿ ನಿದ್ದೆ ಬರಲಿಲ್ಲ. ತಮಟೆ ತಾತಂದು, ಸರಿ. ಆ ಢುಮ್ ಯಾರದ್ದು?

ಅದರ ಮೂಲ ಹುಡುಕ್ತಾ ಹೋದ್ರೆ 1982ಕ್ಕೆ ಬಂದು ನಿಲ್ತೀವಿ. ನ್ಯೂಯಾರ್ಕಿನ ಟಾಮಿ ಬಾಯ್ ಅನ್ನೋ ಪುಟ್ಟ ಕಂಪನಿ 'ಪ್ಲಾನೆಟ್ ರಾಕ್' ಅನ್ನೋ ಒಂದು ಪ್ಲೇಟು ತಂತು. ಹಾಡಿದ್ದು ಆಫ್ರಿಕಾ ಬಂಬಾಟಾ ಮತ್ತು ಸೋಲ್‌ಸೋನಿಕ್ ಫೋರ್ಸ್, ಮಾಡಿಸಿದ್ದು ಆರ್ಥರ್ ಬೇಕರ್, ಕೀಬೋರ್ಡು ಜಾನ್ ರೋಬಿದು. ತಾಳಕ್ಕೆ ಜಪಾನಿನ ರೋಲ್ಯಾಂಡ್ ಟಿಆರ್-808 ಅನ್ನೋ ಯಂತ್ರ. ಅದನ್ನ ಕೊಳ್ಳೋಕೆ ಇವರ ಹತ್ರ ದುಡ್ಡಿರಲಿಲ್ಲ. ಪೇಪರಿನ ಜಾಹೀರಾತು ನೋಡಿ, ಯಂತ್ರ ಇದ್ದ ಒಬ್ಬನನ್ನ ಬಾಡಿಗೆಗೆ ಕರೆಸಿದ್ರಂತೆ. ನಮ್ಮ ಆರ್ಕೆಸ್ಟ್ರಾದವರು ಪ್ಯಾಡ್ ಬಾರಿಸೋನನ್ನ ಕರೆಸೋ ಹಾಗೆ!

ಆ ಯಂತ್ರದ ಡ್ರಮ್ಮು ನಿಜವಾದ ಡ್ರಮ್ಮಿನ ಹಾಗೆ ಕೇಳಿಸೋದೇ ಇಲ್ಲ. ಒಳಗಿರೋ ಸರ್ಕ್ಯೂಟು ಒಂದು ತಗ್ಗಿನ ದನಿ ಹುಟ್ಟಿಸಿ ನಿಧಾನಕ್ಕೆ ಆರೋಕೆ ಬಿಡುತ್ತೆ, ಅಷ್ಟೇ. ಹೆಚ್ಚು ಜನ ಕೊಳ್ಳಲಿಲ್ಲ. 1980ರಲ್ಲಿ ಶುರುವಾಗಿದ್ದು 1983ರಲ್ಲಿ ತಯಾರಿಕೆಯೇ ನಿಂತುಹೋಯ್ತು. ಆದ್ರೆ 'ಪ್ಲಾನೆಟ್ ರಾಕ್' ಕೇಳಿದೋರು ಆ ಢುಮ್ ಬಿಡಲಿಲ್ಲ. ಎಲೆಕ್ಟ್ರೋ ಅನ್ನೋ ಕುಣಿತದ ಸಂಗೀತ ಅದರ ಬೆನ್ನಲ್ಲೇ ಬೆಳೀತು. ಮಯಾಮಿ ಬಾಸ್ ಬಂತು, ಅಲ್ಲಿಂದ ಬ್ರೆಜಿಲ್‌ನ ಕೊಳೆಗೇರಿಗಳ ಫಂಕ್ ಹುಟ್ಟಿತು. ಈಗ ಕಂಪ್ಯೂಟರಲ್ಲಿ ಬೀಟು ಮಾಡೋ ಹುಡುಗರ ಬಾಯಲ್ಲಿ '808' ಅಂದ್ರೆ ಯಂತ್ರ ಅಲ್ಲ, ಆ ದನಿ. ನಮ್ಮೂರ ಬಾಕ್ಸಿನಲ್ಲಿ ಅದುರಿದ್ದೂ ಅದೇ ಜಾತಿದು.

ಕತೆ ಇಲ್ಲಿಗೇ ಮುಗಿಯಲ್ಲ. 'ಪ್ಲಾನೆಟ್ ರಾಕ್'ನ ರಾಗ ಅವರದ್ದಲ್ಲ. ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದ 1977ರ 'ಟ್ರಾನ್ಸ್-ಯುರೋಪ್ ಎಕ್ಸ್‌ಪ್ರೆಸ್'ದು. ತಾಳದ ಮಾದರಿ ಅದೇ ತಂಡದ 1981ರ 'ನಂಬರ್ಸ್'ದು. ಅವರ ಹೆಸರು ಹಾಕಿರಲಿಲ್ಲ. ಕೊನೆಗೆ ದುಡ್ಡು ಕೊಟ್ಟು ರಾಜಿ ಮಾಡ್ಕೋಬೇಕಾಯ್ತು. ಅದೇ ಕ್ರಾಫ್ಟ್‌ವರ್ಕ್‌ನವರು ಮುಂದೆ ತಮ್ಮ ಇನ್ನೊಂದು ಹಾಡಿನ ಬರೀ ಎರಡು ಸೆಕೆಂಡಿನ ತಾಳಕ್ಕಾಗಿ ಬೇರೊಬ್ಬರ ಮೇಲೆ ಕೇಸು ಹಾಕಿದ್ರು. ಅದು ವರ್ಷಾನುಗಟ್ಟಲೆ ನಡೆದು 2019ರಲ್ಲಿ ಯುರೋಪಿನ ನ್ಯಾಯಾಲಯದ ಮುಂದೂ ಬಂತು. ಅಲ್ಲಿ ಎರಡು ಸೆಕೆಂಡಿಗೆ ಇಷ್ಟು ಜಗಳ. ನಮ್ಮ ತಾತಂದು ಮೆರವಣಿಗೆ ಪೂರ್ತಿ!

ಇಷ್ಟು ಹೇಳಿದ ಮೇಲೆ, ಎರವಲು ತಪ್ಪು ಅಂತ ನಾನು ವಾದ ಮಾಡ್ತೀನಿ ಅಂದ್ಕೋಬೇಡಿ. ಎರವಲು ಇಲ್ಲದೇ ಯಾವ ಹಾಡೂ ಉಳಿಯಲ್ಲ. ನಮ್ಮೂರಿನದ್ದೇ ನೋಡಿ. ಪುರಂದರದಾಸರು 'ಜಗದೋದ್ಧಾರನ' ರಚಿಸಿದ್ದು ಈ ಅಂಬೆಗಾಲು ಕೃಷ್ಣನ ಮುಂದೆ ಅನ್ನೋದು ಊರಿನ ನಂಬಿಕೆ. ದಾಸರು ತೀರಿಕೊಂಡದ್ದು 1564ರಲ್ಲಿ. ಅವರು ಯಾವ ಮಟ್ಟಿನಲ್ಲಿ ಹಾಡಿದ್ರು ಅನ್ನೋದಕ್ಕೆ ದಾಖಲೆ ಇಲ್ಲ. ಈಗ ನಾವು ಕೇಳೋ ಕಾಪಿ ರಾಗದ ಮಟ್ಟನ್ನ ಮನೆಮನೆಗೆ ಮುಟ್ಟಿಸಿದ್ದು ಬಿ.ಎಸ್. ರಾಜಯ್ಯಂಗಾರ್ಯರ ಗ್ರಾಮಫೋನ್ ಪ್ಲೇಟು. ಆಮೇಲೆ ಕಛೇರಿಯವರು, ಭಜನೆಯವರು, ಸಿನಿಮಾದವರು, ಫ್ಯೂಷನ್ನಿನವರು, ಎಲ್ಲರೂ ತಗೊಂಡ್ರು. ರಾಗ ಬದಲಾಯ್ತು, ವಾದ್ಯ ಬದಲಾಯ್ತು. ಬದಲಾಗದೇ ಉಳಿದಿದ್ದು ಕೊನೇ ಸಾಲಿನ ಅಂಕಿತ. ಯಾರೇ ಹಾಡಲಿ, ಹೇಗೇ ಹಾಡಲಿ, ಮುಗಿಸೋ ಹೊತ್ತಿಗೆ 'ಪುರಂದರವಿಠಲ' ಅನ್ನಲೇಬೇಕು. ಕೋರ್ಟಿಲ್ಲ, ಕಾಯ್ದೆಯಿಲ್ಲ, ನಾನೂರೈವತ್ತು ವರ್ಷ ದಾಟಿದ್ರೂ ಹೆಸರು ಹಾಡಿನ ಜೊತೆಗೇ ನಡ್ಕೊಂಡು ಬಂದಿದೆ.

ತಾಳಕ್ಕೆ ಆ ಭಾಗ್ಯ ಇಲ್ಲ. ಮಾತಿಲ್ಲದ ಜಾಗದಲ್ಲಿ ಅಂಕಿತ ಎಲ್ಲಿ ಹಾಕೋದು?

ಗೆಳೆಯನಿಗೆ ಇದನ್ನೇ ಹೇಳಿದೆ. "ತಮಟೆ ಏಟು ಆ ತಾತ ಕಂಡುಹಿಡಿದದ್ದೇನೋ? ಅವರಪ್ಪನಿಂದ ಕಲಿತದ್ದು. ಊರ ಸೊತ್ತು" ಅಂದ. ಒಪ್ಪಿದೆ. ಏಟು ಊರದ್ದೇ. ಆದ್ರೆ ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡಿದ ಕೈ, ದಪ್ಪ ಕೋಲು ಸಣ್ಣ ಕೋಲು ಎರಡನ್ನೂ ಆಡಿಸಿದ ಕೈ ತಾತಂದು. ಮೊಬೈಲಿನಲ್ಲಿ ಹಿಡಿದದ್ದು ಆ ಕೈಯನ್ನ. ತಮಟೆ ಅಂದ್ರೆ ಮೂಗು ಮುರೀತಿದ್ದ, ಬಾರಿಸೋರನ್ನ ದೂರ ನಿಲ್ಲಿಸ್ತಿದ್ದ ಸಮಾಜ ನಮ್ಮದು. 2023ರಲ್ಲಿ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ ಪದ್ಮಶ್ರೀ ಬಂದಾಗ ಆ ವಾದ್ಯದ ಹಿಂದೆ ಒಬ್ಬ ಮನುಷ್ಯ ಇದ್ದಾನೆ ಅಂತ ಎಷ್ಟೋ ಜನಕ್ಕೆ ಹೊಳೀತು. ಹೆಸರು ಗೊತ್ತಾದ್ರೆ ಮುಂದಿನ ಹಬ್ಬಕ್ಕೆ ಕರೆ ಬರುತ್ತೆ. ಹೆಸರಿಲ್ಲದಿದ್ರೆ ಪೆನ್‌ಡ್ರೈವ್ ಸಾಕು.

ತಮಾಷೆ ಏನು ಗೊತ್ತಾ? ಡಿಜೆ ಹುಡುಗರಿಗೆ ಅಂಕಿತ ಗೊತ್ತಿಲ್ಲ ಅಂತಲ್ಲ, ಚೆನ್ನಾಗೇ ಗೊತ್ತು! ಟ್ರ್ಯಾಕಿನ ನಡುವೆ ಮತ್ತೆ ಮತ್ತೆ ತಮ್ಮ ಹೆಸರು ಕೂಗಿಸ್ಕೊಳ್ತಾರೆ, ಬೇರೆಯವರು ಕದೀಬಾರದು ಅಂತ. ಅದರ ಪಕ್ಕದಲ್ಲೇ ಒಂದೇ ಒಂದು ಸಲ, "ತಮಟೆ: ಇಂಥೋರು, ಇಂಥ ಊರು" ಅಂತ ಕೂಗಿಸಿದ್ರೆ ಏನು ಗಂಟು ಹೋಗುತ್ತೆ? ಜೊತೆಗೆ ಒಂದು ದಿನದ ಕೂಲಿ ಕೊಟ್ಟರೆ ಇನ್ನೂ ಒಳ್ಳೇದು. ನಾನು ಕೇಳ್ತಿರೋದು ಇಷ್ಟೇ. ಡಿಜೆ ಬೇಡ ಅಂತ ಅಲ್ಲ.

ಮುಂದಿನ ಸಲ ಊರಿಗೆ ಹೋದಾಗ ಆ ಹುಡುಗರ ಹತ್ರ ಇದನ್ನ ಕೇಳೋದು ಅಂತ ಇದ್ದೀನಿ. ನಗ್ತಾರೋ, ಒಪ್ತಾರೋ ನೋಡೋಣ. ನಿಮ್ಮೂರ ಮೆರವಣಿಗೆಯಲ್ಲಿ ತಮಟೆ ಎಲ್ಲಿದೆ, ಬೀದಿಯಲ್ಲೋ ಪೆನ್‌ಡ್ರೈವಲ್ಲೋ? ಬರೀರಿ.