ಹಸಿದ ಮಗುವಿಗೆ ಆರನೇ ಒಂದು ಅಂಕ

ಕರ್ನಾಟಕದಲ್ಲಿ ಬಡವರು ನೂರಕ್ಕೆ 7.58. ಇದೇ ಕರ್ನಾಟಕದಲ್ಲಿ ವಯಸ್ಸಿಗೆ ತಕ್ಕ ಎತ್ತರ ಬೆಳೆಯದ, ಐದು ವರ್ಷದೊಳಗಿನ ಮಕ್ಕಳು ನೂರಕ್ಕೆ 35.4. ಎರಡೂ ಅಂಕಿ ಬಂದದ್ದು ಒಂದೇ ಕಡೆಯಿಂದ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಅವೇ ಮನೆಗಳು, ಅವೇ ಮಕ್ಕಳು. ಮೊದಲನೆಯದನ್ನು ನೀತಿ ಆಯೋಗ 2023ರಲ್ಲಿ ಸಾಧನೆಯೆಂದು ಸಾರಿತು. ಎರಡನೆಯದಕ್ಕೆ ಯಾರೂ ಡಂಗುರ ಹೊಡೆಯಲಿಲ್ಲ.

ಮೂರರಲ್ಲಿ ಒಂದು ಮಗು ಕುಗ್ಗಿರುವ ರಾಜ್ಯದಲ್ಲಿ ಬಡತನ ಇಷ್ಟು ಇಳಿದದ್ದು ಹೇಗೆ? ಲೆಕ್ಕ ಬಿಚ್ಚಿ ನೋಡಿ. ಬಹು ಆಯಾಮದ ಬಡತನ ಸೂಚ್ಯಂಕದಲ್ಲಿ ಹನ್ನೆರಡು ಅಂಶಗಳಿವೆ. ಮನೆಯಲ್ಲಿ ಅಪೌಷ್ಟಿಕತೆ ಇದ್ದರೆ ಅದಕ್ಕೆ ಆರನೇ ಒಂದು ಅಂಕ. ಬಡ ಮನೆ ಎನಿಸಿಕೊಳ್ಳಲು ಮೂರನೇ ಒಂದು ಅಂಕ ಬೇಕು. ಮಗು ಸೊರಗಿದ್ದರೂ ಉಳಿದದ್ದೆಲ್ಲ ಕಾಗದದ ಮೇಲೆ ಸರಿಯಿದ್ದರೆ ಆ ಮನೆ ಬಡತನ ದಾಟಿದಂತೆ! ಬ್ಯಾಂಕ್ ಖಾತೆ ಇದೆಯೇ ಎಂದು ಕೇಳುತ್ತಾರೆ, ಅದರಲ್ಲಿ ದುಡ್ಡಿದೆಯೇ ಎಂದು ಕೇಳುವುದಿಲ್ಲ. ಕೊಳವೆಬಾವಿ ಇದ್ದರೆ ನೀರು ಸರಿಯಿದೆ ಎಂದು ಬರೆದುಕೊಳ್ಳುತ್ತಾರೆ. ಕೋಲಾರದ ಕೊಳವೆಬಾವಿಗಳ ಫ್ಲೋರೈಡ್ ಯಾವ ಕಾಲಮ್ಮಿಗೂ ಸೇರುವುದಿಲ್ಲ.

ಕೋಲಾರ ಜಿಲ್ಲೆಯ ಬೇತಮಂಗಲಕ್ಕೆ, ಲೆಕ್ಕಕ್ಕೇ ಸಿಗದ ಈ ಅನ್ಯಾಯ ಹೊಸದಲ್ಲ. ಪಾಲಾರ್ ನದಿಯ ನೀರನ್ನು ಇಲ್ಲಿಯ ಕೆರೆಯಿಂದ ಎತ್ತಿ ಕೆಜಿಎಫ್‌ಗೆ ಹರಿಸಿದರು. ಅಲ್ಲಿಯ ಗಣಿಗಳು ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟವು, ಗುಂಜಿ ಗುಂಜಿಗೂ ಲೆಕ್ಕವಿತ್ತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಸೈನೈಡ್ ದಿಬ್ಬಗಳು ಉಳಿದವು. ಈ ಸೀಮೆಯ ಸಾವಿರಾರು ಜನ ಬೆಳಗಿನ ಜಾವ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಅವರು ಬಿಟ್ಟುಹೋಗುವ ಮಕ್ಕಳು ಹೇಗೆ ಬೆಳೆಯುತ್ತಿದ್ದಾರೆ? ಬೇತಮಂಗಲ ಹೋಬಳಿಗೆಂದು ಒಂದು ಅಂಕಿಯನ್ನೂ ಆ ಕುಟುಂಬ ಆರೋಗ್ಯ ಸಮೀಕ್ಷೆ ಕೊಡಲಾರದು. ಇಡೀ ರಾಜ್ಯದಲ್ಲಿ ಅದು ಮುಟ್ಟಿದ್ದು 26,574 ಮನೆಗಳನ್ನು, ಜಿಲ್ಲೆಗೆ ಸರಾಸರಿ ಒಂಬೈನೂರೂ ಇಲ್ಲ. ಮಾಲೂರಿನ ಕಾರ್ಖಾನೆ ಸಂಬಳವೂ ಗಣಿ ಕಾರ್ಮಿಕರ ಲೈನುಮನೆಗಳ ಹಸಿವೂ ಒಂದೇ ಸರಾಸರಿಯಲ್ಲಿ ಕಲಸಿಹೋಗುತ್ತವೆ. ಆದರೆ ಅಂಗನವಾಡಿ ಕಾರ್ಯಕರ್ತೆ ತಿಂಗಳು ತಿಂಗಳು ಮಕ್ಕಳನ್ನು ತೂಗುತ್ತಾಳೆ. ಆ ತೂಕ ಕೇಂದ್ರದ ಪೋಷಣ್ ಟ್ರ್ಯಾಕರ್ ಆ್ಯಪ್ ಹತ್ತಿ ದೆಹಲಿ ಸೇರುತ್ತದೆ. ಅದು ಗ್ರಾಮಸಭೆಯ ಮುಂದೆ ಏಕೆ ಬರಬಾರದು?

ಇಷ್ಟು ಸಾಲದೆಂದು ಅಳತೆಗೋಲನ್ನೇ ಮುರಿಯುತ್ತಿದ್ದಾರೆ. 2017–18ರ ಬಳಕೆ ವೆಚ್ಚ ಸಮೀಕ್ಷೆಯ ಫಲಿತಾಂಶವನ್ನು ಕೇಂದ್ರ ಸರ್ಕಾರ 2019ರ ನವೆಂಬರ್‌ನಲ್ಲಿ ತಡೆಹಿಡಿಯಿತು. ರಾಜ್ಯದ ಪುಟ್ಟ ಮಕ್ಕಳಲ್ಲಿ ರಕ್ತಹೀನತೆ ನೂರಕ್ಕೆ 60.9ರಿಂದ 65.5ಕ್ಕೆ ಏರಿದೆ ಎಂದು ಕುಟುಂಬ ಆರೋಗ್ಯ ಸಮೀಕ್ಷೆ ತೋರಿಸಿತು. ಅದರ ಮುಂದಿನ ಸುತ್ತಿನಲ್ಲಿ ರಕ್ತಪರೀಕ್ಷೆಯನ್ನೇ ಕೈಬಿಟ್ಟರು. ಬೆರಳು ಚುಚ್ಚುವ ವಿಧಾನ ನಿಖರವಲ್ಲ, ಬೇರೆ ಸಮೀಕ್ಷೆ ಮಾಡುತ್ತೇವೆ ಎಂದರು. ವಿಧಾನ ತಪ್ಪಿದ್ದರೆ ತಿದ್ದಬೇಕಿತ್ತು, ಹಳೆಯ ಅಂಕಿಯ ಪಕ್ಕ ಹೊಸದನ್ನು ಇಟ್ಟು ನೋಡುವ ದಾರಿಯನ್ನು ಮುಚ್ಚಬಾರದಿತ್ತು.

2021ರ ಜನಗಣತಿಯನ್ನು 2027ಕ್ಕೆ ತಳ್ಳಿದರು. ಹೀಗಾಗಿ ಆಹಾರ ಭದ್ರತಾ ಕಾಯ್ದೆಯ ಪಡಿತರ ಮಿತಿ 2011ರ ಗಣತಿಗೇ ಕಟ್ಟುಬಿದ್ದು ಉಳಿಯಿತು. ಇಂದು ಅಂಗನವಾಡಿಯಲ್ಲಿ ಕೂತಿರುವ ಒಂದೇ ಒಂದು ಮಗುವೂ ಆ ಗಣತಿಯಲ್ಲಿಲ್ಲ. ಆರು ವರ್ಷದ ವಿಳಂಬ ಎಂದರೆ ಅಧಿಕಾರಿಗೆ ಒಂದು ಕಡತ, ಮಗುವಿಗೆ ಪೂರ್ತಿ ಬಾಲ್ಯ. ಮೊದಲ ಎರಡು ವರ್ಷದಲ್ಲಿ ಕುಗ್ಗಿದ ದೇಹವನ್ನು ಆಮೇಲಿನ ಯಾವ ಯೋಜನೆಯೂ ಸುಲಭವಾಗಿ ಎತ್ತಿ ನಿಲ್ಲಿಸಲಾರದು. ಹಾಳುಗೆಡವಿದ್ದನ್ನು ತಿರುಗಿ ಕಟ್ಟಿಕೊಡುವವರು ಯಾರು?

ನಮ್ಮ ಒತ್ತಾಯ ಇಷ್ಟು. ಸೊರಗಿದ ಮಗುವಿರುವ ಮನೆಯನ್ನು, ಆ ಮನೆಯಲ್ಲಿ ಬೇರೆ ಏನೇ ಇರಲಿ, ಬಡ ಮನೆ ಎಂದೇ ಎಣಿಸಿ. ಮಕ್ಕಳ ಬಡತನದ ಅಂದಾಜನ್ನು ಪ್ರತ್ಯೇಕವಾಗಿ ಪ್ರಕಟಿಸಿ. ಯಾವ ಮಗುವಿನ ಹೆಸರೂ ಹೊರಬೀಳದಂತೆ ಪ್ರತಿ ಅಂಗನವಾಡಿಯ ತೂಕದ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿ ಹೇಳಿ. ರಕ್ತಪರೀಕ್ಷೆಯನ್ನು ಕುಟುಂಬ ಸಮೀಕ್ಷೆಗೆ ಮರಳಿ ತನ್ನಿ. ಪಡಿತರದ ಮಿತಿಯನ್ನು ಇಂದಿನ ಜನಸಂಖ್ಯೆಗೆ ಏರಿಸಿ. ಅಲ್ಲಿಯವರೆಗೆ ಬಡತನ ಇಳಿದಿದೆ ಎಂದು ಬೇತಮಂಗಲಕ್ಕೆ ಬಂದು ಭಾಷಣ ಮಾಡುವ ಹಕ್ಕು ಯಾವ ಸರ್ಕಾರಕ್ಕೂ ಇಲ್ಲ.